ತವರಿನ ನೂಲು

ಆ ಮನೆಯಲ್ಲಿ ಮಗ್ಗ ನಿಂತರೆ ಮೊದಲು ತಿಳಿಯುತ್ತಿದ್ದುದು ಬಸವಮ್ಮನಿಗೆ. ಬೆಂಗಳೂರಿನ ಚಾಮರಾಜಪೇಟೆಯ ಉದ್ದನೆಯ ಮನೆ. ಹಿಂದಿನ ಹಜಾರದಲ್ಲಿ ಆರು ಮಗ್ಗ. ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕಾಯಿ ತುರಿಯುತ್ತಿದ್ದರೂ ಯಾರು ಎಲೆಅಡಿಕೆಗೆ ಎದ್ದರು, ಯಾರ ನೂಲು ಹರಿಯಿತು ಎಂದು ಸದ್ದಿನಲ್ಲೇ ಹೇಳಿಬಿಡುತ್ತಿದ್ದಳು. ಮದುವೆಯಾಗಿ ಬಂದ ಮೂವತ್ತೆರಡು ವರ್ಷದಲ್ಲಿ ಕಿವಿ ಕಲಿತ ಪಾಠ ಅದು.

ಐವತ್ತೆರಡನೆಯ ಇಸವಿಯ ಆಷಾಢದ ಒಂದು ಸೋಮವಾರ ಬೆಳಿಗ್ಗೆ ಮೂರನೆಯ ಮಗ್ಗ ನಿಂತಿತು. ಎಲೆಅಡಿಕೆ ಹಾಕುವಷ್ಟು ಹೊತ್ತು ಕಾದಳು. ಬೀಡಿ ಸೇದಿ ಬರುವಷ್ಟು ಹೊತ್ತೂ ಕಾದಳು. ಸದ್ದು ಮರಳಲಿಲ್ಲ. ಕೈ ಒರೆಸಿಕೊಂಡು ಹಜಾರಕ್ಕೆ ಹೋದರೆ, ಇಪ್ಪತ್ತೆರಡು ವರ್ಷದಿಂದ ಅಲ್ಲಿ ನೇಯುತ್ತಿದ್ದ ಶ್ರೀರಾಮಪ್ಪ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ಏನಾಯ್ತು ಶ್ರೀರಾಮಪ್ಪ?"

"ಬೆಳಿಗ್ಗೆಯಿಂದ ಹದಿನೇಳು ಸಲ ಗಂಟು ಹಾಕಿದೀನಿ ಅಮ್ಮಾವ್ರೇ. ನೇಯೋದಾ, ಗಂಟು ಹಾಕೋದಾ? ನಮ್ಮ ಕಡೆ ರೇಷ್ಮೆ ಅಡ್ಡ ಹಾಯೋ ಹೊಕ್ಕುನೂಲಿಗೆ ಸೈ. ಉದ್ದಕ್ಕೆ ಬಿಗಿದು ಕಟ್ಟೋ ಹಾಸುನೂಲಿಗೆ ಚೀನಾದ್ದೇ ಆಗ್ಬೇಕು. ಇದು ಒಂದು ಕಡೆ ಹಗ್ಗ, ಒಂದು ಕಡೆ ಕೂದಲು. ಬಿಗಿಯಾಗಿ ಎಳೆದ್ರೆ ಪಟ್ ಅಂತ ಹರಿಯುತ್ತೆ."

"ಚೀನಾ ರೇಷ್ಮೆ ಈಗೆಲ್ಲಿ ಸಿಗುತ್ತೆ?"

"ಅದನ್ನ ಯಜಮಾನ್ರನ್ನೇ ಕೇಳ್ಬೇಕು..." ಎಂದವನು ನಾಲಿಗೆ ಕಚ್ಚಿಕೊಂಡು ತಲೆ ತಗ್ಗಿಸಿದ.

ಯಜಮಾನರೆಂದರೆ ಬಸವಮ್ಮನ ಗಂಡ ಚಂದ್ರಶೇಖರಯ್ಯನವರು. ಪೇಟೆಯ ಮಗ್ಗದವರ ಸಂಘಕ್ಕೆ ಹನ್ನೊಂದು ವರ್ಷ ಅಧ್ಯಕ್ಷರು. ಮೂರು ವರ್ಷದ ಹಿಂದೆ, ಹೊರದೇಶದ ರೇಷ್ಮೆಯ ಮೇಲೆ ಸುಂಕ ಏರಿಸಬೇಕೋ ಬೇಡವೋ ಎಂದು ದೆಹಲಿಯಲ್ಲಿ ವಿಚಾರಣೆ ನಡೆದಾಗ ಅವರ ಮುಂದೆ ಎರಡು ಮನವಿ ಬಂದಿದ್ದವು. ಸುಂಕ ಏರಿಸಿದರೆ ಮಗ್ಗ ಸಾಯುತ್ತದೆ ಎಂದು ನೇಯುವವರದು ಒಂದು. ಏರಿಸದಿದ್ದರೆ ಹಿಪ್ಪುನೇರಳೆ ಕಿತ್ತು ಒಲೆಗೆ ಹಾಕಬೇಕಾಗುತ್ತದೆ ಎಂದು ರೇಷ್ಮೆ ಬೆಳೆಯುವ ರೈತರದು ಇನ್ನೊಂದು. ಮಗ್ಗದವರ ಅಧ್ಯಕ್ಷರು ರೈತರ ಕಾಗದಕ್ಕೆ ರುಜು ಹಾಕಿಬಿಟ್ಟರು! ಸುಂಕ ಏರಿತು, ಚೀನಾ ಜಪಾನುಗಳ ರೇಷ್ಮೆ ಬರುವುದು ನಿಂತಿತು, ಊರಿನ ರೇಷ್ಮೆಯ ಬೆಲೆ ಕೈಗೆ ಸಿಗದಷ್ಟು ಮೇಲೆ ಹೋಯಿತು. ಒಬ್ಬರ ರುಜುವಿನಿಂದ ಒಂದು ದೇಶದ ಸುಂಕ ಏರುತ್ತದೆಯೇ? ಇಲ್ಲ ಬಿಡಿ. ಆದರೆ ಮನೆಯೊಳಗಿನ ನ್ಯಾಯ ಹಾಗೆ ನಡೆಯುವುದಿಲ್ಲ.

ಮಧ್ಯಾಹ್ನ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಊಟಕ್ಕೆ ಕೂತರು ಚಂದ್ರಶೇಖರಯ್ಯ. ಪಕ್ಕದಲ್ಲಿ ಮಗ ಏಕಾಂತಯ್ಯ. ಸೊಸೆ ಶೈಲಜಮ್ಮ ಮುದ್ದೆ ಬಡಿಸಿದಳು, ಬಸವಮ್ಮ ಸಾರು ಹಾಕಿದಳು.

"ಮೂರನೇದೂ ನಿಂತ್ಹೋಯ್ತು," ಎಂದ ಏಕಾಂತಯ್ಯ.

"ಶ್ರೀರಾಮಪ್ಪಂದಾ?" ತಂದೆ ಕೇಳಿದರು.

"ಇನ್ಯಾರದು? ಇನ್ನಿಬ್ರು ಆಗಲೇ ಬಿನ್ನಿಪೇಟೆ ಗಿರಣಿಗೆ ಸೇರ್ಕೊಂಡ್ರು. ಇವನೂ ಹೋಗ್ತಾನೆ. ಹೋಗ್ದೆ ಇನ್ನೇನು ಮಾಡ್ತಾನೆ, ಗಂಟು ಎಣಿಸ್ಕೊಂಡು ಕೂತ್ಕೋತಾನಾ?"

"ಸ್ವಲ್ಪ ದಿನ ತಾಳ್ಕೋ. ಊರಿನ ನೂಲೂ ಸುಧಾರಿಸುತ್ತೆ. ರೈತರ ಕೈಲಿ ನಾಕು ಕಾಸು ಓಡಾಡಿದ್ರೆ ಒಳ್ಳೆ ಚರಕ ಹಾಕಿಸ್ತಾರೆ, ಒಳ್ಳೆ ನೂಲು ತೆಗೀತಾರೆ."

"ಅಷ್ಟು ಹೊತ್ತಿಗೆ ನೇಯೋಕೆ ಯಾರಿರ್ತಾರಪ್ಪ? ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಹಾಗೆ ಮಾಡಿದ್ರಿ ನೀವು. ಸಂಘದ ಸಭೆಲಿ ನನ್ನನ್ನ ನೋಡಿ ನಗ್ತಾರೆ. 'ನಿಮ್ಮಪ್ಪ ನಮ್ಮ ಅಧ್ಯಕ್ಷರೋ, ರೇಷ್ಮೆ ಹುಳದ ಅಧ್ಯಕ್ಷರೋ' ಅಂತಾರೆ."

ಶೈಲಜಮ್ಮ ಮುಖ ಆಚೆ ತಿರುಗಿಸಿದಳು. ನಗು ಬಂದಿತ್ತೋ ಅಳು ಬಂದಿತ್ತೋ.

ಚಂದ್ರಶೇಖರಯ್ಯ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿದರು. "ಆಗ ಸರಿ ಅನ್ನಿಸ್ತು, ಹಾಕ್ದೆ," ಎಂದರು, ಅಷ್ಟೇ. ಮಗ ಅರ್ಧಕ್ಕೇ ಕೈ ತೊಳೆದುಕೊಂಡ.

ಬಸವಮ್ಮ ಸಾರಿನ ಸೌಟು ಹಿಡಿದು ನಿಂತೇ ಇದ್ದಳು. ಅವಳ ಎದೆಯೊಳಗಿದ್ದ ಸಂಗತಿ ಆ ಮನೆಯಲ್ಲಿ ಗಂಡನನ್ನು ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ರೈತರ ಮನವಿಯನ್ನು ಹಿಡಿದುಕೊಂಡು ಕನಕಪುರದ ಕಡೆಯಿಂದ ಬಂದವನು ಅವಳ ಸ್ವಂತ ಅಣ್ಣ ಕೆಂಚಪ್ಪ. ಆ ವರ್ಷ ರೇಷ್ಮೆಗೂಡಿನ ಬೆಲೆ ಬಿದ್ದುಹೋಗಿ ಅತ್ತಿಗೆಯ ಕಿವಿಯೋಲೆ ಮಾರ್ವಾಡಿಯ ಪಾಲಾಗಿತ್ತು. ಚಂದ್ರಶೇಖರಯ್ಯ, "ಆಗಲ್ಲ ಕೆಂಚಪ್ಪ, ನನ್ನ ನಂಬಿದ ಮಗ್ಗದೋರಿದಾರೆ," ಎಂದು ಕೈ ಮುಗಿದು ಕಳುಹಿಸಿದ್ದರು. ಆಮೇಲೆ ಬಸವಮ್ಮ ಎರಡು ದಿನ ಊಟ ಬಿಟ್ಟಳು. ಜಗಳವಾಡಲಿಲ್ಲ, ಅಳಲಿಲ್ಲ. ಎಲ್ಲರಿಗೂ ಬಡಿಸಿ, ತನ್ನ ತಟ್ಟೆ ಬೋರಲು ಹಾಕಿ ಮಲಗಿದಳು. ಮಗ ಕೇಳಿದರೆ ಹೊಟ್ಟೆನೋವು ಎಂದಳು. ಮೂರನೆಯ ದಿನ ಬೆಳಿಗ್ಗೆ ಗಂಡ, ಅಣ್ಣ ಬಿಟ್ಟುಹೋಗಿದ್ದ ಆ ಕಾಗದವನ್ನು ಅವಳ ಮುಂದೆಯೇ ಬಿಚ್ಚಿ ರುಜು ಹಾಕಿ, "ಎದ್ದು ಒಂದು ಲೋಟ ಹಾಲು ಕುಡಿ ಮೊದ್ಲು," ಎಂದಿದ್ದರು.

ಹಾಲು ಕುಡಿದಿದ್ದಳು. ಸಿಹಿಯಾಗಿಯೇ ಇತ್ತು ಅದು.

ಆಷಾಢ ಕಳೆಯುವ ಹೊತ್ತಿಗೆ ಉಳಿದ ಮೂರು ಮಗ್ಗವೂ ನಿಂತವು. ಮನೆಯಲ್ಲಿ ಕಾಫಿ ದಿನಕ್ಕೊಂದು ಸಲಕ್ಕೆ ಇಳಿಯಿತು, ಅದರಲ್ಲೂ ಚಿಕೋರಿಯೇ ಜಾಸ್ತಿ. ಹಾಲಿನವಳಿಗೆ ಅರ್ಧ ಸೇರು ಸಾಕೆಂದರು. ಕೆಲಸದವಳನ್ನು ಬಿಡಿಸಿದ ಮೇಲೆ ಪಾತ್ರೆಯ ರಾಶಿ ಶೈಲಜಮ್ಮನ ಪಾಲಿಗೆ ಬಂತು.

"ಅತ್ತೆ, ಒಂದು ಮಾತು ಕೇಳ್ಲಾ?" ಬೂದಿ ಹಾಕಿ ಚೆಂಬು ತಿಕ್ಕುತ್ತಾ ಒಂದು ಬೆಳಿಗ್ಗೆ ಅವಳು ಕೇಳಿದಳು. "ಮಾವ ಅಷ್ಟು ವ್ಯವಹಾರ ಬಲ್ಲೋರು. ಅಂಥಾ ತಪ್ಪು ಹೇಗೆ ಮಾಡಿದ್ರು? ಯಾರಾದ್ರೂ ತಲೆ ಕೆಡಿಸಿರ್ಬೇಕು."

"ಪಾತ್ರೆ ಸರಿಯಾಗಿ ತೊಳಿ. ಬೂದಿ ಹಾಗೇ ಇದೆ," ಎಂದಳು ಬಸವಮ್ಮ.

"ತೊಳೀತೀನಿ ಬಿಡಿ. ತೊಳೆಯೋಕೇ ತಾನೇ ನಾನಿರೋದು. ನಮ್ಮ ತವರಲ್ಲಿ ನನ್ನ ತಂಗೀರು ಹೊಸ ಕೃತಕ ರೇಷ್ಮೆ ಸೀರೆ ಉಡ್ತಾರೆ, ಪಳಪಳ ಅನ್ನುತ್ತೆ. ರೇಷ್ಮೆ ಮನೆಗೆ ಕೊಟ್ಟ ಮಗಳು ಮಾತ್ರ ಹಳೇದನ್ನೇ ತೇಪೆ ಹಾಕ್ಕೊಂಡು ಉಡ್ಬೇಕು."

ಬಸವಮ್ಮ ತೊಳೆದ ಚೆಂಬು ಎತ್ತಿಕೊಂಡು ಒಳಗೆ ಹೋದಳು. ಬೇರೆ ಕಾಲವಾಗಿದ್ದರೆ ಸೊಸೆಯ ನೀರಿಳಿಸುತ್ತಿದ್ದಳು.

ಶ್ರಾವಣದ ಮೊದಲ ವಾರ ಏಕಾಂತಯ್ಯ ಊಟದ ಹೊತ್ತಿನಲ್ಲಿ ನಿರ್ಧಾರ ತಿಳಿಸಿದ. "ಹಜಾರಾನ ಬಾಡಿಗೆಗೆ ಕೊಡ್ತೀನಿ. ಪೇಟೆ ಸಾಹುಕಾರ ಒಬ್ರು ಗಿರಣಿ ಬಟ್ಟೆ ಬೇಲು ಇಡೋಕೆ ಜಾಗ ಹುಡುಕ್ತಿದಾರೆ. ಗೌರಿ ಹಬ್ಬದೊಳಗೆ ಖಾಲಿ ಮಾಡಿಕೊಡ್ಬೇಕು."

"ಮಗ್ಗ?" ಎಂದರು ಚಂದ್ರಶೇಖರಯ್ಯ.

"ಬಡಗಿ ಬಂದು ನೋಡ್ಕೊಂಡು ಹೋದ. ಮರದ ಬೆಲೆಗೆ ತೊಗೋತಾನೆ."

"ತೇಗದ ಮರ ಕಣೋ. ನಮ್ಮಪ್ಪ ಹಾಕಿಸಿದ್ದು."

"ತೇಗ ಅಂತಾನೇ ತೊಗೋತಿರೋದು. ಮತ್ತೆ ಇನ್ನೊಂದು ಮಾತು ಅಪ್ಪ. ಇನ್ಮೇಲೆ ಈ ಮನೇಲಿ ಕಾಗದಕ್ಕೆ ರುಜು ಹಾಕೋನು ನಾನೊಬ್ಬನೇ. ನೀವು ಹಾಕಿದ್ದು ಸಾಕು."

ಬಸವಮ್ಮ ತುಪ್ಪದ ಗಿಂಡಿಯನ್ನು ಕೆಳಗಿಟ್ಟಳು. ಹೇಳಿಬಿಡಲೇ ಎಂದುಕೊಂಡಳು. ಗಂಡನ ಮುಖ ನೋಡಿದಳು. ಅವರು ಬೇಡ ಎಂಬಂತೆ ಅವಳ ಕಡೆ ಒಮ್ಮೆ ಕಣ್ಣೆತ್ತಿ, ಸೊಂಟದ ಬೀಗದ ಕೈಗೊಂಚಲು ಬಿಚ್ಚಿ ಮಗನ ತಟ್ಟೆಯ ಪಕ್ಕದಲ್ಲಿಟ್ಟರು. ಕೂತು ಊಟ ಪೂರ್ತಿ ಮಾಡಿಯೇ ಎದ್ದರು.

ಮರುದಿನದಿಂದ ತಂದೆ ಮಗನ ನಡುವೆ ಮಾತು ನಿಂತಿತು. ಹೇಳುವುದಿದ್ದರೆ ಶೈಲಜಮ್ಮನ ಮೂಲಕ. ಚಂದ್ರಶೇಖರಯ್ಯ ಬೆಳಿಗ್ಗೆ ಕೋಟು ಹಾಕಿ, ಕೊಡೆ ಹಿಡಿದು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಎಲ್ಲಿಗೆ ಎಂದರೆ, "ಹೀಗೇ, ಪೇಟೆ ಕಡೆ."

ಒಂದು ಶುಕ್ರವಾರ ಬಸವಮ್ಮ ಅರಿಶಿನ ಕುಂಕುಮ ತರಲು ಶ್ರೀರಾಮಪ್ಪನ ಹೆಂಡತಿ ಲಕ್ಕಮ್ಮನ ಜೊತೆ ಪೇಟೆಗೆ ಹೋದಳು. ಅವೆನ್ಯೂ ರಸ್ತೆಯ ಗದ್ದಲದಲ್ಲಿ ಜಟಕಾ ಒಂದಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಾಗ ಒಂದು ನೂಲಿನ ಅಂಗಡಿ ಕಂಡಿತು. ಜಗಲಿಯ ಮೇಲೆ, ಚಾಪೆ ಹಾಸಿಕೊಂಡು, ಮುಂದೆ ರೇಷ್ಮೆ ನೂಲು ಸುತ್ತಿದ ಲಡಿಗಳ ಗುಡ್ಡೆ ಇಟ್ಟುಕೊಂಡು ಒಬ್ಬರು ಮುದುಕರು ಕೂತಿದ್ದರು. ಒಂದೊಂದು ಲಡಿಯನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ಸವರಿ, ಒಳ್ಳೆಯದನ್ನು ಬಲಕ್ಕೆ, ಒರಟನ್ನು ಎಡಕ್ಕೆ ಹಾಕುತ್ತಿದ್ದರು. ಒಳಗಿನಿಂದ ಯಾರೋ, "ಅಯ್ಯನೋರೇ, ಬೇಗ್ಬೇಗ ಆಗ್ಲಿ," ಎಂದು ಕೂಗಿದರು.

"ಅಯ್ಯೋ ಶಿವನೇ! ಅಮ್ಮಾವ್ರೇ, ಅದು ನಮ್ಮ ಯಜಮಾನ್ರಲ್ವಾ?" ಎಂದಳು ಲಕ್ಕಮ್ಮ.

"ನಡಿ ಲಕ್ಕಮ್ಮ. ಅವರಲ್ಲ," ಎಂದಳು ಬಸವಮ್ಮ. ಇಬ್ಬರೂ ಕುಂಕುಮ ತರುವುದನ್ನೇ ಮರೆತು ಮನೆಗೆ ಬಂದರು.

ಸಂಜೆ ಗಂಡ ಹಿತ್ತಿಲ ಕಲ್ಲಿನ ಮೇಲೆ ನಿಂತು ಕಾಲು ತೊಳೆಯುವಾಗ ಬಸವಮ್ಮ ಚೆಂಬಿನಲ್ಲಿ ನೀರು ಹಾಕಿದಳು. "ನೋಡ್ದೆ," ಎಂದಳು.

"ನೋಡಿದ್ಯಾ? ಹೋಗ್ಲಿ. ಕೂತು ಕೂತು ಕೈಗೆ ಅಭ್ಯಾಸ ತಪ್ಪಬಾರದಲ್ಲ."

"ಇನ್ನೊಬ್ಬರ ಜಗಲಿ ಮೇಲೆ ಕೂತು... ನೀವು! ನಾನು ಏಕಾಂತಂಗೆ ಎಲ್ಲಾ ಹೇಳ್ಬಿಡ್ತೀನಿ. ಅನ್ನ ಬಿಟ್ಟೋಳು ನಾನು, ಬೈಸ್ಕೊಳ್ಳೋರು ನೀವು. ಇದ್ಯಾವ ನ್ಯಾಯ?"

ಚಂದ್ರಶೇಖರಯ್ಯ ಟವಲಿನಲ್ಲಿ ಪಾದ ಒರೆಸಿಕೊಂಡರು. "ಸುಮ್ನಿರು ಬಸಮ್ಮ. ನನ್ನನ್ನ ಬೈದ್ರೆ ಅಪ್ಪ ಅಂತ ನಾಳೆ ಮರೀತಾನೆ. ನಿನ್ನ ತವರಿನ ಹೆಸರು ಬಂದ್ರೆ ನಿಮ್ಮಣ್ಣ ಈ ಹೊಸಿಲು ತುಳಿಯೋ ಹಾಗಿರಲ್ಲ. ವರ್ಷಕ್ಕೊಂದು ಸಲ ಬರೋನು. ಬರ್ಲಿ ಬಿಡು."

ಬಸವಮ್ಮನಿಗೆ ಅಳು ಬಂತು. ಅಳುವಿನ ಜೊತೆಗೇ, ಹೇಳಬೇಕಾಗಿಲ್ಲವಲ್ಲ ಎಂದು ಒಂದು ಚೂರು ಹಾಯೆನಿಸಿತು. ಥೂ ನನ್ನ ಜನ್ಮವೇ ಎಂದು ತನ್ನನ್ನೇ ಬೈದುಕೊಂಡಳು. ಆದರೂ ಅಂದು ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ.

ಕೆಂಚಪ್ಪ ವರ್ಷಕ್ಕೊಂದು ಸಲ ಬರುತ್ತಿದ್ದುದು ಗೌರಿ ಹಬ್ಬಕ್ಕೆ. ಎಲ್ಲರ ತವರಿನಿಂದ ಹಣ್ಣು ಹೂವು ಬಂದರೆ ಇವಳ ತವರಿನಿಂದ ಅವುಗಳ ಜೊತೆ ಮನೆಯಲ್ಲೇ ತೆಗೆದ ರೇಷ್ಮೆಯ ಲಡಿ ಬರುತ್ತಿತ್ತು. ಅದನ್ನು ಹೊಕ್ಕುನೂಲು ಮಾಡಿ ಶ್ರೀರಾಮಪ್ಪ ಒಂದು ಸೀರೆ ನೇಯುತ್ತಿದ್ದ. ಮುಂದಿನ ಗೌರಿಗೆ ಬಸವಮ್ಮ ಅದನ್ನೇ ಉಟ್ಟು ಅಣ್ಣನಿಗೆ ನಮಸ್ಕಾರ ಮಾಡಬೇಕು. ಇಪ್ಪತ್ತೆರಡು ವರ್ಷ, ಇಪ್ಪತ್ತೆರಡು ಸೀರೆ. ಹಾಸು ಚೀನಾದ್ದು, ಹೊಕ್ಕು ತವರಿನದು. ಈ ಸಲದ ಸೀರೆ ಶ್ರೀರಾಮಪ್ಪನ ಮಗ್ಗದ ಮೇಲಿತ್ತು. ಉಳಿದಿದ್ದ ಕೊನೆಯ ಚೀನಾ ಹಾಸನ್ನು ಅದಕ್ಕೆಂದೇ ಜೋಪಾನ ಮಾಡಿಟ್ಟಿದ್ದವನು, ನಿಂತ ಮಗ್ಗಕ್ಕೆ ಅದನ್ನೇ ಹೂಡಿ ಮತ್ತೆ ನೇಯಲು ಕೂತಿದ್ದ. ಮನೆಯಲ್ಲಿ ಆಡುತ್ತಿದ್ದುದು ಅದೊಂದೇ ಮಗ್ಗ.

ಹಬ್ಬಕ್ಕೆ ಎಂಟು ದಿನವಿದೆ ಎನ್ನುವಾಗ ಬಡಗಿಯ ಎತ್ತಿನ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಐದು ಮಗ್ಗಗಳ ಮರ ಬಿಚ್ಚಿ ಗಾಡಿಗೆ ಹೇರಿದ್ದಾಯಿತು. ಆರನೆಯದರ ಹತ್ತಿರ ಬಂದಾಗ ಶ್ರೀರಾಮಪ್ಪ ಕುಣಿಯಿಂದ ಏಳಲಿಲ್ಲ. ಲಾಳಿ ಆಡುತ್ತಲೇ ಇತ್ತು.

"ಚಿಕ್ಕ ಯಜಮಾನ್ರೇ, ಎರಡು ದಿನ ಕೊಡಿ. ಮೈ ಮುಗೀತಾ ಬಂತು, ಸೆರಗೊಂದು ಬಾಕಿ. ಅಮ್ಮಾವ್ರ ಸೀರೆ."

"ಗಾಡಿ ನಾಳೆ ಬರಲ್ಲ ಶ್ರೀರಾಮಪ್ಪ. ನಾಡಿದ್ದು ಬೇಲು ಬರುತ್ತೆ, ಮುಂಗಡ ಬೇರೆ ತೊಗೊಂಡಿದೀನಿ. ಕತ್ತರಿಸಿಬಿಡು."

"ನನ್ನ ಕೈಲಿ ಆಗಲ್ಲ. ಮಗ್ಗದ ಮೇಲಿರೋದಕ್ಕೆ ನಾನು ಕತ್ತರಿ ಹಾಕೋನಲ್ಲ."

ಏಕಾಂತಯ್ಯ ತಾಯಿಯತ್ತ ತಿರುಗಿದ. ಬಸವಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಎರಡು ದಿನ ತಾನೇ ಕೇಳ್ತಿರೋದು ಕಂದ. ಕೊಡು," ಎಂದಳು.

"ಎರಡು ದಿನ! ರುಜು ಹಾಕೋ ಮುಂಚೆ ಅಪ್ಪ ಎರಡು ದಿನ ಯೋಚನೆ ಮಾಡಿದ್ರೆ ಇವತ್ತು ಇದೆಲ್ಲಾ ಯಾಕಮ್ಮ ಬರ್ತಿತ್ತು?"

ಆ ಎರಡು ದಿನ ಏನಾಗಿತ್ತೆಂದು ಹೇಳಬಲ್ಲವಳು ಅವಳೊಬ್ಬಳೇ. ಗಂಡ ಅವೆನ್ಯೂ ರಸ್ತೆಯ ಜಗಲಿಯ ಮೇಲಿದ್ದರು. ಬಾಯಿಯವರೆಗೆ ಬಂದ ಮಾತನ್ನು ಬಸವಮ್ಮ ನುಂಗಿದಳು. ಏಕಾಂತಯ್ಯ ತಾನೇ ಕತ್ತರಿ ತಂದು ಹಾಸನ್ನು ಅಡ್ಡಡ್ಡ ಕತ್ತರಿಸಿದ. ಸುಳ್ಳು ಹೇಳಬಾರದು, ಕತ್ತರಿಸುವ ಮೊದಲು ಅವನೂ ಬಟ್ಟೆಯನ್ನೊಮ್ಮೆ ಸವರಿದ. ಶ್ರೀರಾಮಪ್ಪ ಬಟ್ಟೆಯನ್ನು ಮಡಿಚಿ ಬಸವಮ್ಮನ ಕೈಗಿತ್ತು, ಲಾಳಿಯನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದ.

"ಸೋಮವಾರದಿಂದ ಗಿರಣಿ ಅಮ್ಮಾವ್ರೇ. ಬರ್ತೀನಿ. ಯಜಮಾನ್ರಿಗೆ ಹೇಳಿ."

ಅವನು ಹೋದ ಮೇಲೆ ಮನೆಯಲ್ಲಿ ಸದ್ದೇ ಇಲ್ಲ. ಬಸವಮ್ಮನಿಗೆ ಅಂದು ಅನ್ನ ಯಾವಾಗ ಬೆಂದಿತು ಎಂದೇ ತಿಳಿಯದೆ ತಳ ಹಿಡಿಯಿತು.

ಗೌರಿ ಹಬ್ಬದ ದಿನ ಹತ್ತು ಗಂಟೆಗೆ ಕೆಂಚಪ್ಪ ಬಂದ. ಕೈಯಲ್ಲಿ ಹಣ್ಣು ಹೂವಿನ ಬುಟ್ಟಿ, ಹೆಗಲ ಮೇಲೆ ಬಿಳಿ ಬಟ್ಟೆಯ ದೊಡ್ಡ ಗಂಟು. ಬಸವಮ್ಮ ಹೋದ ವರ್ಷದ ಸೀರೆಯಲ್ಲೇ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಅವನು ಸೀರೆಯನ್ನು ನೋಡಿದ. ಗಂಟು ಇಳಿಸಲೆಂದು ರೂಢಿಯಂತೆ ಸೀದಾ ಹಜಾರಕ್ಕೆ ನಡೆದ. ಬಾಗಿಲಿಗೆ ಹೊಸ ಬೀಗ ನೇತಾಡುತ್ತಿತ್ತು.

"ಇದೇನು ತಂಗಿ, ಹಬ್ಬದ ದಿನ ಹಜಾರಕ್ಕೆ ಬೀಗ?"

"ನಮ್ಮ ಬೀಗ ಅಲ್ಲ ಅಣ್ಣ. ಬಾಡಿಗೆಯೋರದು."

ಕೆಂಚಪ್ಪ ಗಂಟಿನ ಸಮೇತ ಅಲ್ಲೇ ಕುಸಿದು ಕೂತ. "ಹಾಗಾದ್ರೆ ಇದನ್ನ ಯಾರಿಗೆ ಕೊಡ್ಲಿ? ಎರಡು ವರ್ಷ ಒಳ್ಳೆ ಬೆಲೆ ಬಂತು, ಹೊಸ ಚರಕ ಹಾಕಿಸ್ದೆ, ನೂಲು ತೆಗೆಯೋಕೆ ತಿಳಿದೋರನ್ನ ಕರ್ಸಿ ಮನೆ ಹೆಣ್ಮಕ್ಕಳಿಗೆ ಕಲಿಸಿದ್ದಾಯ್ತು. ಈಗ ನೋಡಿದ್ರೆ ಕೊಳ್ಳೋರೇ ದಿಕ್ಕಿಲ್ಲ. ಬೆಂಗಳೂರಲ್ಲಿ ಮಗ್ಗ ನಿಂತಿವೆ ಅಂತಾರೆ ದಲ್ಲಾಳಿಗಳು. ನಮ್ಮ ಭಾವನ ಮಗ್ಗ ಇದ್ದೇ ಇರುತ್ತಲ್ಲ ಅಂತ ಧೈರ್ಯವಾಗಿ ಹೊತ್ಕೊಂಡು ಬಂದೆ."

ಹಬ್ಬವೆಂದು ಮನೆಯಲ್ಲೇ ಇದ್ದ ಚಂದ್ರಶೇಖರಯ್ಯ ಪಡಸಾಲೆಯಿಂದ ಎದ್ದು ಬಂದರು. ಕೆಂಚಪ್ಪ ಕೈ ಮುಗಿದ. "ಭಾವ, ನೀವು ಅವತ್ತು ರುಜು ಹಾಕಿದ್ದನ್ನ ನಮ್ಮೂರು ಮರೆಯಲ್ಲ..."

"ಮರೀಬೇಡಿ!" ಏಕಾಂತಯ್ಯ ಒಳಗಿನಿಂದಲೇ ಕೂಗಿದ. "ನಾವೂ ಮರೆಯಲ್ಲ. ಅವರ ರುಜು ನೋಡಿ ಬೇಕಾದ್ರೆ, ಅಲ್ಲಿ ನೇತಾಡ್ತಿದೆ, ಆ ಬೀಗ!"

"ಏಕಾಂತ, ಬಾಯಿ ಮುಚ್ಚು," ಎಂದಳು ಬಸವಮ್ಮ. ಧ್ವನಿ ಅವಳಿಗೇ ಹೊಸದಾಗಿ ಕೇಳಿಸಿತು. "ನಿಮ್ಮಪ್ಪ ಆಗಲ್ಲ ಅಂತಾನೇ ಹೇಳಿದ್ರು. ಹಾಕಿಸಿದ್ದು ನಾನು. ಎರಡು ದಿನ ಅನ್ನ ಬಿಟ್ಟು ಹಾಕಿಸ್ದೆ. ಹೊಟ್ಟೆನೋವು ಅಂತ ನಿಂಗೆ ಸುಳ್ಳು ಹೇಳ್ದೆ. ಬೈಯೋದಿದ್ರೆ ನನ್ನ ಬೈ."

ಒಲೆಯ ಮೇಲೆ ಹೋಳಿಗೆ ಸೀದ ವಾಸನೆ ಬಂತು. ಶೈಲಜಮ್ಮ ಏಳಲಿಲ್ಲ. ಕೆಂಚಪ್ಪ ಒಮ್ಮೆ ತಂಗಿಯನ್ನು, ಒಮ್ಮೆ ಭಾವನನ್ನು ನೋಡಿದ. ಅವನಿಗೂ ಇದು ಹೊಸ ಸುದ್ದಿಯೇ.

ಏಕಾಂತಯ್ಯ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಯಾವಾಗ ಹೇಳ್ಬೇಕೂಂತಿದ್ರಿ ಅಮ್ಮ?" ಎಂದ. "ಆಷಾಢದಲ್ಲಿ ಹೇಳಿದ್ರೆ ಅಪ್ಪನ ಜೊತೆ ಕೂತು ಏನಾದ್ರೂ ದಾರಿ ಹುಡುಕ್ತಿದ್ದೆ. ಸೊಂಟದ ಬೀಗದ ಕೈ ಬಿಚ್ಚಿಸ್ತಿದ್ನಾ ನಾನು? ಒಂದು ತಿಂಗಳು ಅವರ ಮುಖ ನೋಡಿ ಮಾತಾಡಿಲ್ಲ ನಾನು."

ಬಸವಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಬೀಗದ ಬಾಗಿಲಿಗೆ ಒರಗಿದಳು.

ಚಂದ್ರಶೇಖರಯ್ಯ ನೆಲದ ಮೇಲೆ ಕೂತು ಕೆಂಚಪ್ಪನ ಗಂಟು ಬಿಚ್ಚಿದರು. ಒಂದು ಲಡಿ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ನಿಧಾನವಾಗಿ ಸವರಿದರು. ಇನ್ನೊಮ್ಮೆ ಸವರಿದರು. ಒಂದೆಳೆ ಬಿಡಿಸಿ ಎರಡು ಕೈಯಲ್ಲೂ ಹಿಡಿದು ಬಿಗಿಯಾಗಿ ಎಳೆದರು. ಹರಿಯಲಿಲ್ಲ.

"ಕೆಂಚಪ್ಪ, ಇದು ನಿಮ್ಮ ಮನೇದೇನಾ?"

"ನಮ್ಮದೇ ಭಾವ. ಹೊಸ ಚರಕದ್ದು."

"ಏಕಾಂತ, ಇಲ್ಲಿ ಬಾ. ಮುಟ್ಟಿ ನೋಡು," ಎಂದರು. ಒಂದು ತಿಂಗಳ ಮೇಲೆ ಮಗನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಏಕಾಂತಯ್ಯ ಬಂದು ಪಕ್ಕದಲ್ಲಿ ಕೂತು ಮುಟ್ಟಿದ. ಎಳೆದು ನೋಡಿದ. ಅವನ ಕಣ್ಣಲ್ಲಿ ನೀರು ನಿಂತಿತು.

"ಹಾಸುನೂಲಿಗೆ ಆಗುತ್ತೆ ಅಪ್ಪ. ಚೀನಾದ್ದಕ್ಕೆ ಏನೂ ಕಮ್ಮಿಯಿಲ್ಲ."

"ಹೂಂ. ಆಗ್ತಿತ್ತು," ಎಂದರು ಚಂದ್ರಶೇಖರಯ್ಯ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆ ನೂಲು ಬಂದಿತ್ತು, ಮಗ್ಗದ ತೇಗ ಆಗಲೇ ಯಾರದೋ ಮನೆಯ ಮಂಚವಾಗಿತ್ತು, ಶ್ರೀರಾಮಪ್ಪ ಬಿನ್ನಿಪೇಟೆಯ ಗಿರಣಿಯಲ್ಲಿ ನಿಂತಿದ್ದ.

ಊಟವಾದ ಮೇಲೆ ಕೆಂಚಪ್ಪ ಹೊರಟು ನಿಂತ. ಗಂಟನ್ನು ನಾಳೆ ಅವೆನ್ಯೂ ರಸ್ತೆಯ ಅಂಗಡಿಗೆ ತಾವೇ ಒಯ್ದು ಕೇಳಿ ನೋಡುವುದಾಗಿ ಚಂದ್ರಶೇಖರಯ್ಯ ಒಪ್ಪಿಕೊಂಡರು. "ನಾನೂ ಬರ್ತೀನಿ ಅಪ್ಪ, ನೀವೊಬ್ರೇ ಹೊರಬೇಡಿ," ಎಂದ ಏಕಾಂತಯ್ಯ.

ಕೆಂಚಪ್ಪ ರೂಢಿಯಂತೆ ಒಂದು ಲಡಿಯನ್ನು ಎಲೆಅಡಿಕೆಯ ಮೇಲಿಟ್ಟು ತಂಗಿಯ ಮಡಿಲಿಗೆ ಹಾಕಿದ. "ಮುಂದಿನ ಗೌರಿಗೆ ಉಟ್ಕೋ ತಂಗಿ," ಎಂಬ ಮಾತು ಇಪ್ಪತ್ತೆರಡು ವರ್ಷದ ಅಭ್ಯಾಸದಿಂದ ಬಾಯಿಗೆ ಬಂದುಬಿಟ್ಟಿತು. ಹೇಳಿದ ಮೇಲೆ ಅವನೇ ತಲೆ ತಗ್ಗಿಸಿ ಮೆಟ್ಟಿಲಿಳಿದ.

"ಆಗ್ಲಿ ಅಣ್ಣ," ಎಂದಳು ಬಸವಮ್ಮ. ಒಳಗೆ ಹೋಗಿ ಪೆಟ್ಟಿಗೆ ತೆರೆದು, ಸೆರಗಿಲ್ಲದ ಆ ಸೀರೆಯ ಮಡಿಕೆಯೊಳಗೆ ಲಡಿಯನ್ನಿಟ್ಟು ಮುಚ್ಚಿದಳು. ಆಮೇಲೆ ಮುಸುರೆ ಪಾತ್ರೆಗಳ ಮುಂದೆ ಕೂತಿದ್ದ ಸೊಸೆಯನ್ನು ಎಬ್ಬಿಸಿ, "ನೀನು ಊಟ ಮಾಡು ಹೋಗು. ಇವತ್ತು ನಾನು ತೊಳೀತೀನಿ," ಎಂದು ಸೀರೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡಳು.